ಮೇನ್ ಬಿಟ್ಟು ಕ್ರಾಸ್ ಹಿಡಿದು

— ಹೊರಗಿನ ಗಾಳಿ ಸ್ವಲ್ಪ ಹೆಚ್ಚಿಗೆ ತೊಗೊಳ್ಳಿ ಅಂತ ಡಾಕ್ಟರು ಹೇಳಿ ಕಳಿಸಿದರು. ಯಾವಾಗ, ಎಲ್ಲಿ ಅಂತ ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ. ಬೆಳಗ್ಗೆ ಡಬ್ಬಿ, ಮಗಳ ಸ್ಕೂಲ್ ಬಸ್ಸು, ಮೆಟ್ರೊ, ಆಫೀಸು. ವಾಪಸ್ ಬಂದರೆ ಕುಕ್ಕರು, ಹೋಮ್‌ವರ್ಕು. ಬೆಂಗಳೂರಲ್ಲಿ ಇದರ ಮಧ್ಯೆ ಗಾಳಿಗೆ ಅಂತ ಒಂದು ಗಂಟೆ ಎಲ್ಲಿಂದ ತರಲಿ, ನೀವೇ ಹೇಳಿ.

— ಒಂದು ಗಂಟೆ ಅಂತ ಅವರು ಹೇಳಿದರಾ, ನೀನೇ ಸೇರಿಸಿಕೊಂಡೆಯಾ?

— ನಾನೇ. ಗಾಳಿ ಅಂದರೆ ವಾಕಿಂಗ್ ತಾನೇ. ವಾಕಿಂಗ್ ಅಂದರೆ ಶೂ, ಶೂ ಅಂದರೆ ಬೆಳಗಿನ ಐದೂವರೆ.

— ವಾಕಿಂಗು ಒಳ್ಳೆಯದೇ, ಆದರೆ ಅದು ಕಾಲಿನ ವಿಚಾರ. ಶ್ವಾಸಕೋಶ ನಿನ್ನ ಬಿಡುವಿಗೆ ಕಾಯುತ್ತಾ ಕೂತಿಲ್ಲ. ಸುಮ್ಮನೆ ಕುಳಿತಿದ್ದರೂ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ, ನಿಮಿಷಕ್ಕೆ ಒಂದು 15 ಉಸಿರು. ದಿನಕ್ಕೆ 10,000 ಲೀಟರ್ ದಾಟುತ್ತದೆ. ಅಷ್ಟನ್ನು ಹೇಗೂ ಒಳಗೆ ಎಳೆದುಕೊಳ್ಳಲೇಬೇಕು. ಅದರಲ್ಲಿ ಎಷ್ಟು ಪಾಲು ಆಗಲೇ ಬೇರೆಯವರು ಉಸಿರಾಡಿ ಬಿಟ್ಟದ್ದು ಅನ್ನುವುದನ್ನು ನೋಡು ಮೊದಲು.

— ಊಟ ಆದ ತಕ್ಷಣ ಇಂಥ ಮಾತು ಆಡಬೇಡಿ. ನಮ್ಮ ಆಫೀಸಲ್ಲಿ ಸೆಂಟ್ರಲ್ ಎಸಿ ಇದೆ, ಗಾಳಿ ತಣ್ಣಗೆ, ಚೆನ್ನಾಗೇ ಇರುತ್ತೆ.

— ತಣ್ಣಗಿರುವುದೂ ತಾಜಾ ಇರುವುದೂ ಬೇರೆ ಬೇರೆ. ಎಸಿ ಡಕ್ಟ್ ಕೂರಿಸಿಯೇ ಅನ್ನ ತಿಂದವನು ನಾನು, ನನ್ನ ಮಾತು ಕೇಳು. ಮನೆಯ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಇದೆಯಲ್ಲ, ಸಾಮಾನ್ಯವಾಗಿ ಅದು ಹೊರಗಿನ ಗಾಳಿಯನ್ನು ಒಂದು ಗುಟುಕೂ ಒಳಗೆ ತರುವುದಿಲ್ಲ. ಹೊರಗಿನ ಡಬ್ಬಕ್ಕೂ ಒಳಗಿನ ಡಬ್ಬಕ್ಕೂ ನಡುವೆ ಓಡಾಡುವುದು ತಾಮ್ರದ ಕೊಳವೆಯೊಳಗಿನ ಅನಿಲ. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ. ಇದನ್ನು ಹೇಳಿದರೆ ಎಂಜಿನಿಯರುಗಳೇ ಕೆಲವರು ನಂಬುವುದಿಲ್ಲ.

— ನಾನೂ ನಂಬಿರಲಿಲ್ಲ, ಬಿಡಿ. ಆದರೆ ಆಫೀಸಿನದು ಸ್ಪ್ಲಿಟ್ ಅಲ್ಲ.

— ಆಫೀಸಿನದರಲ್ಲಿ ಹೊರಗಾಳಿಗೆ ಒಂದು ಬಾಗಿಲು ಇರುತ್ತದೆ, ಡ್ಯಾಂಪರ್ ಅನ್ನುತ್ತೇವೆ. ಎಷ್ಟು ತೆರೆಯಬೇಕು ಅನ್ನುವುದು ಯಾವತ್ತೂ ಕರೆಂಟು ಬಿಲ್ಲಿನ ಜಗಳ. ಹೊರಗಿನ ಬಿಸಿ ಗಾಳಿ ಒಳಗೆ ಬಂದಷ್ಟೂ ಅದನ್ನು ತಣಿಸುವ ಖರ್ಚು. 1973ರಲ್ಲಿ ತೈಲದ ಬೆಲೆ ಏರಿದಾಗ ಅಮೆರಿಕದವರು ಇದನ್ನೇ ಹಿಡಿದರು. 1981ರ ಅವರ ಎಂಜಿನಿಯರುಗಳ ಮಾನದಂಡದಲ್ಲಿ ಸಿಗರೇಟು ಸೇದದ ಕಡೆ ಒಬ್ಬ ಮನುಷ್ಯನಿಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕು ಅಂತ ಇಳಿಸಿಟ್ಟರು. ಆ ಕಾಲದ ಗಾಜಿನ ಕಟ್ಟಡಗಳಲ್ಲಿ ತಲೆನೋವು, ಕಣ್ಣುರಿ, ಮಂಕು ಅಂತ ಜನ ಸಾಲುಸಾಲಾಗಿ ದೂರಿದರು. ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಅಂತ ಅದಕ್ಕೆ ಹೆಸರೂ ಬಿತ್ತು. 1989ರಲ್ಲಿ ಆ 5 ಅನ್ನು ಕನಿಷ್ಠ 15ಕ್ಕೆ, ಆಫೀಸುಗಳಿಗೆ 20ಕ್ಕೆ ಏರಿಸಿದರು. ಕಾಗದದ ಮೇಲೆ ಏರಿತು, ಸರಿ. ಡ್ಯಾಂಪರಿನ ಹಿಡಿ ಮಾತ್ರ ಇವತ್ತಿಗೂ ಮೇಂಟೆನೆನ್ಸಿನವನ ಕೈಯಲ್ಲೇ ಇದೆ.

— ಮಧ್ಯಾಹ್ನ ಮೂರಕ್ಕೆ ಮೀಟಿಂಗ್ ರೂಮಲ್ಲಿ ಎಲ್ಲರೂ ತೂಕಡಿಸುವುದು ಅನ್ನ ಸಾರಿನಿಂದ ಅಂದುಕೊಂಡಿದ್ದೆ.

— ಅನ್ನ ಸಾರಿನದೂ ಪಾಲಿದೆ, ಪೂರ್ತಿ ಬಿಟ್ಟುಕೊಡಬೇಡ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಈಗ 10 ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇದೆ, 420 ಪಿಪಿಎಂ. ನಾವು ಬಿಡುವ ಉಸಿರಿನಲ್ಲಿ ಅದು 40,000ದ ಹತ್ತಿರ. ಮುಚ್ಚಿದ ಕೋಣೆಯಲ್ಲಿ ಈ ಸಂಖ್ಯೆ ಎಷ್ಟು ಏರಿತು ಅಂತ ನೋಡಿದರೆ ಗಾಳಿ ಎಷ್ಟು ಬಳಸಿದ್ದು ಅಂತ ಗೊತ್ತಾಗುತ್ತದೆ. ಮ್ಯೂನಿಕ್ಕಿನ ಪೆಟೆನ್‌ಕೋಫರ್ ಎಂಬ ವೈದ್ಯ 1858ರಲ್ಲೇ ಕೋಣೆಯೊಳಗೆ 1,000 ದಾಟಬಾರದು ಅಂತ ಗೆರೆ ಎಳೆದಿದ್ದ. ಆ ಅನಿಲವೇ ಅಷ್ಟಕ್ಕೆ ಕೊಲ್ಲುವುದಿಲ್ಲ, ಅದು ಸುಳಿವು ಅಷ್ಟೆ. ಅದರ ಜೊತೆಗೆ ಬೆವರು, ವಾಸನೆ, ಪಕ್ಕದವನ ಶೀತ ಎಲ್ಲವೂ ಗಾಳಿಯಲ್ಲಿ ಉಳಿದಿರುತ್ತವೆ. ಈಚೆಗೆ ಹಾರ್ವರ್ಡಿನವರು 24 ಜನರನ್ನು ಕೂರಿಸಿ, 1,400ರಲ್ಲಿ ಯೋಚನಾಶಕ್ತಿ ಗಣನೀಯವಾಗಿ ಕುಗ್ಗುತ್ತದೆ ಅಂತ ತೋರಿಸಿದರು. ಬೇರೆಯವರು ಮಾಡಿ ನೋಡಿದಾಗ ಫಲಿತಾಂಶ ಅಷ್ಟು ಖಚಿತವಾಗಿ ಬರಲಿಲ್ಲ. ಅದನ್ನು ಹಿಡಿದು ಬಾಸ್ ಜೊತೆ ವಾದಕ್ಕಿಳಿಯಬೇಡ, ಪೆಟೆನ್‌ಕೋಫರನನ್ನೇ ಹಿಡಿ.

— ಬಾಸಿಗಿಂತ ನಮ್ಮ ಅತ್ತೆ ಕಷ್ಟ. ಸಂಜೆ ಆರಾದರೆ ಮನೆಯ ಕಿಟಕಿ ಎಲ್ಲ ಮುಚ್ಚಿಬಿಡುತ್ತಾರೆ. ಥಂಡಿ ಗಾಳಿ ಮೊದಲನೆಯದು, ಸೊಳ್ಳೆ ಎರಡನೆಯದು. ಸೊಳ್ಳೆ ವಿಷಯದಲ್ಲಿ ನಾನೂ ಅವರ ಕಡೆಯೇ.

— ಮುಚ್ಚಿದ ಮೇಲೆ ಏನು ಹಚ್ಚುತ್ತೀರಿ?

— ಕಾಯಿಲ್. ಬ್ಯಾಟೂ ಇದೆ, ಆದರೆ ನಿದ್ದೆಗಣ್ಣಲ್ಲಿ ಬ್ಯಾಟು ಬೀಸೋದು ಯಾರು?

— ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ತೂಕ, 75ರಿಂದ 137 ಸಿಗರೇಟು ಸುಟ್ಟಷ್ಟು. 2003ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಇದು. ಕಿಟಕಿ ಮುಚ್ಚಿ, ಬಾಗಿಲು ಮುಚ್ಚಿ, ಅದರ ಪಕ್ಕದಲ್ಲಿ ಮಗುವನ್ನು ಮಲಗಿಸುತ್ತೇವೆ. ಹೊರಗಿನ ಹೊಗೆಗೆ ಮೂಗು ಮುಚ್ಚಿಕೊಳ್ಳುವವರೇ ಮನೆಯೊಳಗೆ ಈ ಕೆಲಸ ಮಾಡುತ್ತಾರೆ. ಹಣ ಖರ್ಚು ಮಾಡುವುದಿದ್ದರೆ ಮೊದಲು ಕಿಟಕಿಗೆ ಜಾಲರಿ ಹಾಕಿಸು, ಏರ್ ಪ್ಯೂರಿಫೈಯರು ಆಮೇಲೆ. ಜಾಲರಿಯಿಂದ ಗಾಳಿಯ ವೇಗ ಸಾಕಷ್ಟು ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ; ಆದರೆ ಮುಚ್ಚಿದ ಗಾಜಿಗಿಂತ ನೂರು ಪಾಲು ವಾಸಿ. ಅದೂ ಆಗದಿದ್ದರೆ ಹಳೆಯ ಕಾಲದ ಸೊಳ್ಳೆಪರದೆ. ಅದನ್ನು ಈಗ ಯಾರೂ ಕಟ್ಟುವುದಿಲ್ಲ, ಬೆಡ್‌ರೂಮಿನ ಅಂದ ಕೆಡುತ್ತದಂತೆ.

— ನಮ್ಮ ಕೋಣೆ ಹತ್ತಡಿಗೆ ಹತ್ತಡಿ. ಮೂವರು ಮಲಗುತ್ತೇವೆ.

— ಎತ್ತರವೂ ಹತ್ತು ಅಂತಿಟ್ಟುಕೋ. 1,000 ಘನ ಅಡಿ, ಹತ್ತಿರ ಹತ್ತಿರ 28,000 ಲೀಟರ್. ನಿದ್ದೆಯಲ್ಲಿ ಮೂವರೂ ಸೇರಿ ಗಂಟೆಗೆ ಸುಮಾರು 30 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತೀರಿ. ಕೋಣೆ ಪೂರ್ತಿ ಬಿಗಿಯಾಗಿದ್ದರೆ ಗಂಟೆಗೆ 1,000 ಪಿಪಿಎಂ ಏರುತ್ತಾ ಹೋಗಬೇಕು. ಬಾಗಿಲ ಸಂದಿಯಲ್ಲಿ ಸೋರುವುದರಿಂದ ಅಷ್ಟಾಗುವುದಿಲ್ಲ. ಆದರೂ ಬೆಳಗಿನ ಜಾವಕ್ಕೆ 2,000 ದಾಟಿರುವುದು ಅಪರೂಪವೇನಲ್ಲ. ನೀನು ಗಾಳಿಗೆ ಸಮಯ ಇಲ್ಲ ಅಂತೀಯಲ್ಲ, ಏಳು ಗಂಟೆ ಹೊತ್ತು ಅದೇ ಕೋಣೆಯಲ್ಲಿ ಅಲ್ಲಾಡದೆ ಮಲಗಿರುತ್ತೀ. ದಿನದಲ್ಲಿ ಅದಕ್ಕಿಂತ ದೊಡ್ಡ ಬಿಡುವು ಇನ್ಯಾವುದಿದೆ? ಎದುರುಬದುರು ಎರಡು ಕಿಂಡಿ ನಾಲ್ಕು ಬೆರಳು ತೆರೆದಿಟ್ಟರೆ ಸಾಕು. ಒಂದೇ ಕಿಟಕಿ ತೆರೆದರೆ ಗಾಳಿ ಇಣುಕಿ ನೋಡಿ ವಾಪಸ್ ಹೋಗುತ್ತದೆ, ಹೊರಹೋಗಲೂ ದಾರಿ ಬೇಕು.

— ಅತ್ತೆಗೆ ಇದನ್ನು ಹೇಳಿ ನೋಡಿ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿಂಬಾಗಿಲು ಹಾಕಬೇಕು, ಇಲ್ಲದಿದ್ದರೆ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ ಅನ್ನೋವರು ಅವರು.

— ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು ಹಿಂಬಾಗಿಲು ತೆರೆಯಲಿ. ಅಷ್ಟರಲ್ಲಿ ಲಕ್ಷ್ಮಿ ಕೂತಿರುತ್ತಾಳೆ. ರಾತ್ರಿ ಗಾಳಿಯ ಭಯ ನಮ್ಮ ಅತ್ತೆಯರದ್ದು ಮಾತ್ರ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಬಗ್ಗೆ ಬರೆದ ಪುಸ್ತಕದಲ್ಲಿ ಅವಳ ಊರಿನವರ ಇದೇ ಭಯಕ್ಕೆ ಚೆನ್ನಾಗಿ ಬೈದಿದ್ದಾಳೆ. ರಾತ್ರಿ ಹೊತ್ತು ಉಸಿರಾಡಲು ರಾತ್ರಿಯ ಗಾಳಿಯನ್ನು ಬಿಟ್ಟು ಇನ್ಯಾವುದು ಸಿಗುತ್ತದೆ ಅನ್ನುವುದು ಅವಳ ವಾದ. ದೊಡ್ಡ ಊರುಗಳಲ್ಲಿ ರಾತ್ರಿಯದೇ ಶುದ್ಧ ಗಾಳಿ ಅಂತಲೂ ಅವಳಿಗೆ ಅನ್ನಿಸಿತ್ತು. ಅದು ಅವಳ ಕಾಲದ ಲಂಡನ್. ನಮ್ಮಲ್ಲಿ ರಾತ್ರಿ ಲಾರಿಗಳು ಊರೊಳಗೆ ನುಗ್ಗುತ್ತವೆ, ಆ ಎರಡನೇ ಮಾತನ್ನು ಹಾಗೇ ಒಪ್ಪಲಾಗದು.

— ಅಲ್ಲಿಗೆ ನನ್ನ ಪ್ರಶ್ನೆಗೆ ಬಂದಿರಿ. ಹೊರಗಿನದೇನು ಅಮೃತವಾ? ಸಿಲ್ಕ್ ಬೋರ್ಡಿನ ಟ್ರಾಫಿಕ್ ಪೊಲೀಸು ಇಡೀ ದಿನ ಹೊರಗೇ ಇರುತ್ತಾನೆ. ಆಟೊದವನು, ಹೂವಿನವಳು, ಡೆಲಿವರಿ ಹುಡುಗ, ಎಲ್ಲರೂ ಹೊರಗೇ. ನೀವು ಹೇಳುವ ಲೆಕ್ಕದಲ್ಲಿ ಅವರೆಲ್ಲ ಪೈಲ್ವಾನರಾಗಬೇಕಿತ್ತು.

— ಸರಿಯಾದ ಏಟು. ಹೊರಗೆ ಅಂದರೆಲ್ಲ ತಾಜಾ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದು ಅಂತ ಹೇಳಿತು. ನಮ್ಮ ದೇಶದ ಮಿತಿ 40. ದೇಶದ ಶುದ್ಧ ಗಾಳಿ ಯೋಜನೆ ಗುರುತಿಸಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಆ ಹೂವಿನವಳಿಗೆ ನಾನು ಕೊಡುವ ಬುದ್ಧಿ ಯಾವುದೂ ಇಲ್ಲ. ಅವಳಿಗೆ ಬೇಕಾದದ್ದು ಬಸ್ಸು ಹೆಚ್ಚಾಗುವುದು, ಹೊಗೆ ಕಡಿಮೆಯಾಗುವುದು. ನಿನಗೆ ಆಯ್ಕೆ ಇದೆ, ಅದಕ್ಕೇ ಇಷ್ಟು ಮಾತು.

— ಆಯ್ಕೆ ಅಂದರೆ ಬೆಳಗಿನ ಐದೂವರೆಯೇ ತಾನೇ? ಮುಂಜಾನೆ ಗಾಳಿ ಶುದ್ಧ ಅಂತಾರೆ.

— ಮಳೆಗಾಲದಲ್ಲಿ ಹೌದು. ಡಿಸೆಂಬರ್, ಜನವರಿಯಲ್ಲಿ ಅಷ್ಟು ಭರವಸೆ ಬೇಡ. ಚಳಿಯ ರಾತ್ರಿ ನೆಲ ಬೇಗ ತಣ್ಣಗಾಗಿ, ಕೆಳಗೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯದು ಕೂರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಹೊಗೆಯೆಲ್ಲ ಕೆಳಗೇ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಏಳೂವರೆಗೆ ಸ್ಕೂಲ್ ಬಸ್ಸು, ಎಂಟಕ್ಕೆ ಆಫೀಸಿನ ಕ್ಯಾಬು, ಫುಟ್‌ಪಾತಿನಲ್ಲಿ ಎಲೆ ಗುಡಿಸಿ ಬೆಂಕಿ ಹಾಕುವವರು. ಬಿಸಿಲೇರಿದ ಮೇಲೆ ಗಾಳಿ ಮೇಲೆಕೆಳಗೆ ಕಲೆಯುತ್ತದೆ, ಮಧ್ಯಾಹ್ನಕ್ಕೆ ಸಾಮಾನ್ಯವಾಗಿ ಕಣಗಳು ಇಳಿದಿರುತ್ತವೆ. ಅಂದರೆ ಚಳಿಗಾಲದಲ್ಲಿ ನಿನ್ನ ಊಟದ ಹೊತ್ತೇ ಒಳ್ಳೆಯ ಹೊತ್ತು. ಐದೂವರೆಗೆ ಏಳದಿರುವುದಕ್ಕೆ ಅಪರಾಧಿ ಭಾವ ಬೇಡ.

— ಇದೊಂದು ಮಾತಿಗೆ ನಿಮಗೆ ಕಾಫಿ ಕೊಡಿಸಬೇಕು.

— ಕಾಫಿಗೆ ಹೋಗುವಾಗಲೂ ದಾರಿ ನೋಡಿಕೊಂಡು ಹೋಗು. ದೊಡ್ಡ ರಸ್ತೆಯಿಂದ ಒಂದು 150 ಮೀಟರ್ ಒಳಗೆ ಸರಿದರೆ ವಾಹನದ ಹೊಗೆಯ ಅತಿಸೂಕ್ಷ್ಮ ಕಣಗಳು ಬಹಳ ಕಡಿಮೆಯಾಗಿರುತ್ತವೆ. ಪಿಎಂ 2.5 ಅಷ್ಟು ಬೇಗ ಇಳಿಯುವುದಿಲ್ಲ, ಅದು ಊರೆಲ್ಲ ಹರಡಿಕೊಂಡಿರುತ್ತದೆ. ಆದರೂ ಮೂಗಿಗೆ ತಿಳಿಯುವಷ್ಟು ವ್ಯತ್ಯಾಸ ಇದೆ. ನಮ್ಮ ಊರಿನ ಹಳೆಯ ಬಡಾವಣೆಗಳು ಇದಕ್ಕೆ ಹೇಳಿ ಮಾಡಿಸಿದವು. ಮೇನ್ ರೋಡ್ ಬಿಟ್ಟು ಕ್ರಾಸ್ ಹಿಡಿ. 18ನೇ ಕ್ರಾಸಿಗೆ ಹೋಗಬೇಕಾದರೆ ಮೇನ್‌ನಲ್ಲಿ ನೇರ ಹೋಗದೆ ಒಳಗೊಳಗೇ ತಿರುಗಿಕೊಂಡು ಹೋಗು. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಐದು ನಿಮಿಷವೇ ನೀನು ಹುಡುಕುತ್ತಿರುವ ಸಮಯ. ಮಲ್ಲೇಶ್ವರ, ಬಸವನಗುಡಿಯನ್ನು ಕಟ್ಟಿದ ಕಾಲ ಯಾವುದು ಗೊತ್ತಾ? 1890ರ ದಶಕ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತಾಗ, ಅಗಲ ರಸ್ತೆ, ಮನೆಮನೆಗೆ ನಡುವೆ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದ್ದ ಆ ಬಡಾವಣೆಗಳಿಗೆ ಬೆಲೆ ಬಂತು. ಗಾಳಿ ಬೆಳಕನ್ನು ನಕ್ಷೆಯಲ್ಲೇ ಬರೆದಿಟ್ಟಿದ್ದರು. ಈಗ ಆ ಗಲ್ಲಿಗಳಲ್ಲಿ ಅರ್ಧ ಯಾರ್ಯಾರದೋ ಕಾಂಪೌಂಡಿನ ಒಳಗೆ ಸೇರಿಕೊಂಡಿವೆ, ಆ ಮಾತು ಬೇರೆ.

— ನಾನಿರುವುದು ಬಸವನಗುಡಿ ಅಲ್ಲ ಸ್ವಾಮಿ, ಹೊರವಲಯದ ಅಪಾರ್ಟ್‌ಮೆಂಟು. ಅಲ್ಲಿ ಕ್ರಾಸೇ ಇಲ್ಲ, ಗೇಟು ದಾಟಿದರೆ ಸರ್ವಿಸ್ ರೋಡು.

— ಹಾಗಾದರೆ ಮೇಲಕ್ಕೆ ಹೋಗು. ಟೆರೇಸ್ ಇದೆಯಲ್ಲ?

— ಬೀಗ ಹಾಕಿದ್ದಾರೆ. ಅಸೋಸಿಯೇಷನ್ ನಿಯಮ.

— ಬೀಗ ತೆಗೆಸುವುದು ಒಂದು ಕೆಲಸ, ಮಾಡು. ನೋಡು, ನಾನು ತುಂಬಾ ದಿನದಿಂದ ಯೋಚಿಸಿದ್ದು ಇದನ್ನೇ. ನಮ್ಮ ಅಜ್ಜಿ ಗಾಳಿಗೆ ಅಂತ ಒಂದು ದಿನವೂ ಹೊರಗೆ ಹೋದವಳಲ್ಲ. ಆದರೆ ಅವಳ ಕೆಲಸಗಳಿಗೆಲ್ಲ ಒಂದು ಕಾಲು ಹೊರಗೇ ಇರುತ್ತಿತ್ತು. ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ, ತುಳಸಿಗೆ ನೀರು, ಬಾವಿಕಟ್ಟೆ, ಜಗಲಿಯಲ್ಲಿ ಸೊಪ್ಪು ಬಿಡಿಸುವುದು, ಬಿಸಿಲಿಗೆ ಸಂಡಿಗೆ, ಸಂಜೆ ಒಣಗಿದ ಬಟ್ಟೆ. ತೊಟ್ಟಿಮನೆಯಾದರೆ ಮನೆಯ ನಡುವೆಯೇ ಆಕಾಶ. ಬಿಸಿ ಗಾಳಿ ತೊಟ್ಟಿಯಿಂದ ಮೇಲೆ ಹೋದಷ್ಟೂ ಬಾಗಿಲಿನಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ನಾವು ಒಂದೊಂದಾಗಿ ಎಲ್ಲ ಕೆಲಸವನ್ನೂ ಒಳಗೆ ಎಳೆದುಕೊಂಡೆವು. ನಲ್ಲಿ ಒಳಗೆ, ಒಗೆಯುವುದು ಒಳಗೆ, ಒಣಗಿಸುವುದೂ ಒಳಗೆ, ತರಕಾರಿ ಬಾಗಿಲಿಗೆ. ಉಳಿದದ್ದನ್ನು ವಾಕಿಂಗ್ ಅಂತ ಹೆಸರಿಟ್ಟು ಟೈಂಟೇಬಲ್ಲಿಗೆ ಸೇರಿಸಲು ಹೊರಟಿದ್ದೇವೆ.

— ಒಂದು ನಿಮಿಷ. ಆ ಬಾವಿಯಿಂದ ನೀರು ಸೇದಿದ್ದು ನೀವಾ, ಅಜ್ಜಿಯಾ?

— ಅಜ್ಜಿ.

— ತಾತ ಎಲ್ಲಿದ್ದರು?

— ಜಗಲಿಯಲ್ಲಿ. ಗಾಳಿಗೆ.

— ನೋಡಿದಿರಾ! ಬಾವಿ, ಒಲೆ, ಅಂಗಳ ಎಲ್ಲದರ ಹೊಗೆ, ಭಾರ ಹೊತ್ತವಳು ಅವಳು. ಸೌದೆ ಒಲೆ ಇದ್ದದ್ದು ಯಾವ ಅಂಗಳದಲ್ಲೂ ಅಲ್ಲ, ಅಡುಗೆಮನೆಯ ಮೂಲೆಯಲ್ಲಿ. ಅವಳ ಕಣ್ಣು ಕೆಂಪಾಗಿರುತ್ತಿದ್ದದ್ದನ್ನೂ ಈ ಚಿತ್ರದಲ್ಲಿ ಸೇರಿಸಿ. ನಲ್ಲಿ, ವಾಷಿಂಗ್ ಮಶೀನು, ಗ್ಯಾಸು ನನಗೆ ಕೊಟ್ಟ ಒಂದೂವರೆ ಗಂಟೆಯನ್ನು ಗಾಳಿಯ ಹೆಸರಲ್ಲಿ ವಾಪಸ್ ಕೊಡಲು ನಾನು ತಯಾರಿಲ್ಲ.

— ಕೊಡಬೇಡ. ಒಲೆಯ ಮಾತನ್ನು ನಾನು ಬಿಟ್ಟದ್ದು ಬೇಕೆಂದಲ್ಲ, ಆದರೆ ಬಿಟ್ಟೆ. ಬಾವಿಯೂ ಬೇಡ, ಸಾರಿಸುವುದೂ ಬೇಡ. ಕೂತು ಮಾಡುವ ಕೆಲಸ ಮಾತ್ರ ಹೊರಗೆ ಹೋಗಲಿ. ಬಾಲ್ಕನಿಯಲ್ಲಿ ಒಂದು ಸ್ಟೂಲು, ಅಲ್ಲಿ ಸೊಪ್ಪು, ಹುರುಳಿಕಾಯಿ. ಅದನ್ನೂ ನೀನೇ ಮಾಡಬೇಕೆಂದಿಲ್ಲ, ಮನೆಯಲ್ಲಿ ಗಂಡ ಇದ್ದಾನಲ್ಲ. ಬಾಲ್ಕನಿಯಲ್ಲಿ ಈಗ ಏನಿದೆ?

— ಎಸಿಯ ಹೊರಡಬ್ಬ, ಹಳೇ ಸೈಕಲ್ಲು, ವಾಷಿಂಗ್ ಮಶೀನು.

— ಸೈಕಲ್ಲು ಕೆಳಗೆ ಇಳಿಸು. ಬೇಸಿಗೆಯಲ್ಲಿ ಎಸಿ ಹಾಕಿದಾಗ ಮಾತ್ರ ಆ ಡಬ್ಬ ಬಿಸಿ ಗಾಳಿ ಊದುತ್ತದೆ, ಉಳಿದ ಕಾಲಕ್ಕೆ ತೊಂದರೆ ಇಲ್ಲ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದು ಎಕ್ಸಾಸ್ಟ್ ಹಾಕು. ಒಣಮೆಣಸಿನಕಾಯಿ ಸೀದರೆ ಇಡೀ ಮನೆ ಕೆಮ್ಮುತ್ತದಲ್ಲ, ಕೆಮ್ಮು ಬರದ ದಿನವೂ ಎಣ್ಣೆಯ ಸೂಕ್ಷ್ಮ ಕಣ ಇದ್ದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಯಾವ ಕಿಟಕಿ ಮೊದಲು ತೆರೆಯಬೇಕು ಅನ್ನುವುದಕ್ಕೆ ಇಷ್ಟು ತಿಳಿದರೆ ಸಾಕು.

— ಮಗಳದ್ದು ನನಗೆ ಹೆಚ್ಚು ಯೋಚನೆ. ಎರಡನೇ ಕ್ಲಾಸಿಗೇ ಕನ್ನಡಕ ಬಂತು.

— ಅದಕ್ಕೆ ಗಾಳಿಗಿಂತ ಬೆಳಕು ಮುಖ್ಯ, ಆದರೆ ಎರಡೂ ಇರುವುದು ಒಂದೇ ಕಡೆ. ಚೀನಾದ ಗ್ವಾಂಗ್‌ಜೌನಲ್ಲಿ 12 ಶಾಲೆಗಳನ್ನು ಆರಿಸಿ, ಅರ್ಧ ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಒಂದು ಹೆಚ್ಚುವರಿ ಪಿರಿಯಡ್ ಬಯಲಿನಲ್ಲಿ ಕೊಟ್ಟರು. ಮೂರು ವರ್ಷ ಆದಮೇಲೆ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಗುಂಪಿನಲ್ಲಿ ಶೇಕಡಾ 30.4, ಉಳಿದವರಲ್ಲಿ 39.5. 2015ರಲ್ಲಿ ಪ್ರಕಟವಾಯಿತು. ಮೋಡ ಕವಿದ ದಿನವೂ ಹೊರಗಿನ ಬೆಳಕು 10,000 ಲಕ್ಸ್ ಮುಟ್ಟಬಹುದು. ಟ್ಯೂಬ್‌ಲೈಟಿನ ಕ್ಲಾಸ್‌ರೂಮಿನಲ್ಲಿ 300, 500. ತೈವಾನಿನವರು ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಅಂತ ಸರ್ಕಾರಿ ಕಾರ್ಯಕ್ರಮವನ್ನೇ ಮಾಡಿದರು. ಬಂದ ಕನ್ನಡಕ ಇದರಿಂದ ಹೋಗುವುದಿಲ್ಲ, ಅದು ಮುಖ್ಯವಾಗಿ ಬರುವುದನ್ನು ತಡೆಯುವ ವಿಷಯ. ಸ್ಕೂಲ್ ಬಸ್ಸು ಎಷ್ಟಕ್ಕೆ ಇಳಿಸುತ್ತದೆ?

— ಮೂರೂವರೆಗೆ. ಅತ್ತೆ ಗೇಟಿನಿಂದ ನೇರ ಲಿಫ್ಟಿಗೆ ಕರೆತರುತ್ತಾರೆ. ಹಾಲು, ಟ್ಯೂಷನ್ನು.

— ಹಾಲಿನ ಲೋಟ ಕೆಳಗೆ ತರಲಿ. ಮಗು ಆಡಲಿ, ಅತ್ತೆ ಬೆಂಚಿನ ಮೇಲೆ ಕೂರಲಿ. ಅವರಿಗೂ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಬೆಚ್ಚಗಾಗುತ್ತದೆಯೇ ಹೊರತು ವಿಟಮಿನ್ ಡಿ ಹುಟ್ಟುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

— ನನ್ನದು? ನಾನು ಮೂರೂವರೆಗೆ ಕಾಲ್‌ನಲ್ಲಿರುತ್ತೇನೆ.

— ಆ ಕಾಲ್‌ನಲ್ಲಿ ನೀನು ಮಾತಾಡುವುದೆಷ್ಟು, ಮ್ಯೂಟ್ ಮಾಡಿ ಕೇಳುವುದೆಷ್ಟು?

— ನಿಜ ಹೇಳಬೇಕಾ? ಬಹುಪಾಲು ಮ್ಯೂಟ್.

— ಕೇಳುವ ಕಾಲ್‌ಗೆ ಕುರ್ಚಿ ಯಾಕೆ? ಕ್ಯಾಂಪಸ್ಸಿನ ಒಳಗೆ, ರಸ್ತೆಗೆ ಬೆನ್ನು ಹಾಕಿದ ಕಡೆ ತಿರುಗಾಡುತ್ತಾ ಕೇಳು. ಬ್ರಿಟನ್ನಿನಲ್ಲಿ ಸುಮಾರು 20,000 ಜನರನ್ನು ಕೇಳಿ, ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವುದು ಹೆಚ್ಚು ಅಂತ 2019ರಲ್ಲಿ ಬರೆದರು. ಒಂದೇ ಸಲ ಹೋದರೂ ಸರಿ, ಚೂರುಚೂರಾಗಿ ಹೋದರೂ ಸರಿ. ಹುಷಾರಿದ್ದವರೇ ಹೆಚ್ಚು ಹೊರಗೆ ಹೋಗುತ್ತಾರೇನೋ ಅನ್ನುವ ಅನುಮಾನ ಇಂಥ ಲೆಕ್ಕದಲ್ಲಿ ಯಾವಾಗಲೂ ಇರುತ್ತದೆ. ಆದರೂ ಚೂರುಗಳೂ ಕೂಡುತ್ತವೆ ಅನ್ನುವುದು ನಿನ್ನಂಥವಳಿಗೆ ಸಮಾಧಾನ. ಭಾನುವಾರ ಬೇಕಾದರೆ ಕಬ್ಬನ್ ಪಾರ್ಕು. ಅವತ್ತು ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಮೆಟ್ರೊ ಹೇಗೂ ಪಾರ್ಕಿನ ಪಕ್ಕಕ್ಕೇ ಇಳಿಸುತ್ತದೆ.

— ಭಾನುವಾರ ಇಡ್ಲಿಗೆ ರುಬ್ಬಬೇಕು. ಅದಿರಲಿ, ಆ ಡ್ಯಾಂಪರಿನ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮೇಂಟೆನೆನ್ಸಿನವನನ್ನು ಕೇಳಿದರೆ ‘ಎಲ್ಲಾ ತೆರೆದೇ ಇದೆ ಮೇಡಂ’ ಅಂತಾನೆ.

— ಅಂತಾನೆ. ನಾನೂ ಹಾಗೇ ಅನ್ನುತ್ತಿದ್ದೆ. ಕೇಳಬೇಡ, ಅಳೆ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರು ಈಗ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕೊಳ್ಳುವುದು ಬೇಡ, ನನ್ನ ಹತ್ತಿರ ಇದೆ.

— ನಾಳೆಯೇ ತೊಗೊಂಡು ಹೋಗಲಾ?

— ನಾಳೆ ಶುಕ್ರವಾರ, ಅರ್ಧ ಆಫೀಸು ವರ್ಕ್ ಫ್ರಂ ಹೋಮ್. ಸಂಖ್ಯೆ ಚೆನ್ನಾಗೇ ಬರುತ್ತದೆ, ಅವನು ಗೆದ್ದುಬಿಡುತ್ತಾನೆ. ಸೋಮವಾರ ತೊಗೊಂಡು ಹೋಗು. ಮೊದಲು ಕಟ್ಟಡದ ಹೊರಗೆ ಹಿಡಿ, 420ರ ಆಸುಪಾಸು ತೋರಿಸಬೇಕು, ಇಲ್ಲದಿದ್ದರೆ ಮೀಟರೇ ಸರಿ ಇಲ್ಲ. ಆಮೇಲೆ ಮೂರು ಗಂಟೆಯ ಮೀಟಿಂಗಿಗೆ ಹೋಗಿ ಮೇಜಿನ ಮಧ್ಯದಲ್ಲಿಡು, ನಿನ್ನ ಮೂಗಿನ ಕೆಳಗಲ್ಲ. 1,500 ದಾಟಿದರೆ ಫೋಟೊ ತೆಗೆ.

— ಬಾಸ್ ಏನಿದು ಅಂತ ಕೇಳಿದರೆ?

— ಗಡಿಯಾರ ಅನ್ನು. ಟೈಮೂ ತೋರಿಸುತ್ತದೆ ಅದು.